ನೀರು ಎಲ್ಲಿವರೆಗೆ ಬಂದಿತ್ತು?

2022ರ ಫೆಬ್ರವರಿ ತಿಂಗಳ ಕೊನೆಯ ದಿನ ಬೆಳಗ್ಗೆ ಅಕ್ಕನ ಮೊಬೈಲಿಗೆ ಒಂದು ವೀಡಿಯೊ ಬಂತು. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಕೆಲಸಕ್ಕಿರುವ ಅವಳ ಮಗ ಕಳಿಸಿದ್ದು. ಎತ್ತರದ ಕಂಬಗಳ ಮೇಲೆ ನಿಂತ ಮರದ ಮನೆ, ಎದುರಿನಲ್ಲಿ ಹದಿಮೂರು ಮೆಟ್ಟಿಲು. ಅದರಲ್ಲಿ ಕಾಣುವುದು ಐದೇ. ಉಳಿದದ್ದೆಲ್ಲ ಹಾಲು ಕಡಿಮೆ ಹಾಕಿದ ಚಹಾದ ಬಣ್ಣದ ನೀರು. ಆ ನೀರಿನ ಮೇಲೆ ಯಾರದ್ದೋ ಮನೆಯ ಹಳದಿ ಮುಚ್ಚಳದ ಕಸದ ಡಬ್ಬ ಮೆಲ್ಲ ತಿರುಗಿಕೊಂಡು ಹೋಗುತ್ತಿತ್ತು.

ಅಕ್ಕ ಮದುವೆಯಾಗಿ ಹೋದದ್ದು ಪಾಣೆಮಂಗಳೂರು ಕಡೆಗೆ. ನೇತ್ರಾವತಿಯ ನೆರೆ ಎಂತದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳ ಗಂಡನ ಮನೆಯ ಹಳೆಯ ಗೋಡೆಯಲ್ಲಿ 1974ರ ಜುಲೈ ನೆರೆಯ ಗೆರೆ ಉಂಟು. ಸುಣ್ಣ ಬಳಿಯುವಾಗೆಲ್ಲ ಅವಳ ಅತ್ತೆ ಎದುರು ನಿಂತು ಆ ಗೆರೆಯನ್ನು ಬಿಟ್ಟು ಬಳಿಸುತ್ತಿದ್ದರು. ಹಾಗಾಗಿ ವೀಡಿಯೊ ನೋಡಿದ ಕೂಡಲೇ ಅಕ್ಕ ಅತ್ತದ್ದಲ್ಲ, ಬೈದದ್ದು.

"ಮನೆ ಹಿಡಿಯುವಾಗ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳ್ಲಿಲ್ವಾ ನೀನು?"

"ಯಾರಲ್ಲಿ ಕೇಳುದು ಉಮ್ಮ? ಬಾಡಿಗೆಗೆ ಕೊಟ್ಟ ಏಜೆಂಟ್ ಎಂತದೂ ಹೇಳ್ಲಿಲ್ಲ. ಹೊಳೆ ಇಲ್ಲಿಂದ ಅರ್ಧ ಕಿಲೋಮೀಟರ್ ದೂರ ಉಂಟು."

ಅರ್ಧ ಕಿಲೋಮೀಟರ್ ದೂರದ ಹೊಳೆ ಮನೆಯ ಎಂಟನೇ ಮೆಟ್ಟಿಲಿಗೆ ಹೇಗೆ ಬಂತು? ಅವತ್ತಿನಿಂದ ಆ ಹೊಳೆಯ ಕಥೆ ಹುಡುಕುವುದು ನನಗೊಂದು ಹುಚ್ಚಾಯಿತು. ಹುಡುಕುತ್ತಾ ಹೋದ ಹಾಗೆ ಗೊತ್ತಾದದ್ದು ಇಷ್ಟು: ಬ್ರಿಸ್ಬೇನಿನವರಿಗೆ ಹೊಳೆ ಪ್ರತಿ ಸಲವೂ ಹೇಳಿಯೇ ಬಂದಿದೆ. ಕೇಳಿಸಿಕೊಂಡವರು ಮಾತ್ರ ಕಡಿಮೆ.

ಬ್ರಿಸ್ಬೇನ್ ಹೊಳೆಯ ಉದ್ದ 344 ಕಿ.ಮೀ. ಸ್ಟ್ಯಾನ್ಲಿ ಬೆಟ್ಟದ ಕಡೆ ಹುಟ್ಟಿ, ದನ ಮೇಯಿಸುವ ಬಯಲುಗಳನ್ನು ದಾಟಿ, ಇಪ್ಸ್‌ವಿಚ್ ಪಟ್ಟಣದ ಪಕ್ಕದಿಂದ ಬಂದು ನಗರವನ್ನು ಸೇರುತ್ತದೆ. ನಗರದೊಳಗೆ ಅದರ ನಡಿಗೆ ನೆಟ್ಟಗಿಲ್ಲ. ಹಾವಿನ ಹಾಗೆ ಸುತ್ತಿ ಸುತ್ತಿ, ಪೇಟೆಯ ಮೂರು ಬದಿಯನ್ನೂ ಬಳಸಿ, ಕೊನೆಗೆ ಮೋರ್ಟನ್ ಕೊಲ್ಲಿಯಲ್ಲಿ ಕಡಲು ಸೇರುತ್ತದೆ. ನಮ್ಮ ಅಳಿವೆಬಾಗಿಲಿನ ಹಾಗೆಯೇ ಅಲ್ಲಿಯೂ ಉಪ್ಪುನೀರು ಮೇಲಕ್ಕೆ ಬರುತ್ತದೆ. ಉಬ್ಬರದ ಹೊತ್ತಿಗೆ ಅದು ಒಳನಾಡಿಗೆ ಸುಮಾರು 90 ಕಿ.ಮೀ.ವರೆಗೆ, ಮೌಂಟ್ ಕ್ರಾಸ್ಬಿ ಎಂಬಲ್ಲಿನ ಕಟ್ಟದ ತನಕ ಏರುತ್ತದೆ. ಬುಲ್ ಶಾರ್ಕ್ ಎಂಬ ಜಾತಿಯ ತಾಟೆ ಮೀನು ಹೊಳೆಯೊಳಗೇ ಓಡಾಡುತ್ತದೆ. ಅದಕ್ಕೇ ಪೇಟೆಯ ನಡುವಿನ ಹೊಳೆಗೆ ಈಜಲು ಇಳಿಯುವವರು ಕಾಣುವುದಿಲ್ಲ.

ಆ ನೆಲದ ಮೂಲ ಜನ ತುರ್ರಬಲ್ ಮತ್ತು ಯಾಗೆರಾ ಸಮುದಾಯದವರು. ತುರ್ರಬಲ್ ಭಾಷೆಯಲ್ಲಿ ಹೊಳೆಯ ಹೆಸರು ಮೈವಾರ್. ಬ್ರಿಸ್ಬೇನ್ ಎಂಬುದು ಆಗಿನ ನ್ಯೂ ಸೌತ್ ವೇಲ್ಸಿನ ಗವರ್ನರ್ ಥಾಮಸ್ ಬ್ರಿಸ್ಬೇನ್ ಅವರ ಹೆಸರು. ಹೊಳೆಗೆ ಇಟ್ಟ ಹೆಸರು ಆಮೇಲೆ ಊರಿಗೂ ಬಂತು.

ಬಿಳಿಯರಿಗೆ ಈ ಹೊಳೆ ಸಿಕ್ಕಿದ ಕಥೆಯೂ ವಿಚಿತ್ರವೇ. 1799ರಲ್ಲಿ ಮ್ಯಾಥ್ಯೂ ಫ್ಲಿಂಡರ್ಸ್ ಎಂಬ ನಾವಿಕ ಮೋರ್ಟನ್ ಕೊಲ್ಲಿಯನ್ನು ಸುತ್ತಿ ನೋಡಿದರೂ ಹೊಳೆಯ ಬಾಯಿ ಅವನ ಕಣ್ಣಿಗೆ ಬೀಳಲಿಲ್ಲ. 1823ರಲ್ಲಿ ಸಿಡ್ನಿಯಿಂದ ಮರ ತರಲು ಹೊರಟ ನಾಲ್ಕು ಮಂದಿಯ ದೋಣಿ ಬಿರುಗಾಳಿಗೆ ಸಿಕ್ಕಿ ಉತ್ತರಕ್ಕೆ ತೇಲಿತು. ಒಬ್ಬ ನೀರಿಲ್ಲದೆ ಸತ್ತ. ಉಳಿದ ಮೂವರು ದ್ವೀಪವೊಂದರ ದಡ ಹತ್ತಿದರು. ತಾವು ಸಿಡ್ನಿಯಿಂದ ದಕ್ಷಿಣಕ್ಕೆ ಬಿದ್ದಿದ್ದೇವೆ ಎಂದು ಅವರು ತಿಳಿದುಕೊಂಡದ್ದು. ಹಾಗಾಗಿ ಊರು ಸೇರಲು ಉತ್ತರಕ್ಕೆ, ಅಂದರೆ ಊರಿನಿಂದ ಇನ್ನೂ ದೂರಕ್ಕೆ, ನಡೆಯುತ್ತಲೇ ಹೋದರು! ತಿಂಗಳುಗಟ್ಟಲೆ ಅವರಿಗೆ ಮೀನು, ಗೆಡ್ಡೆ ಕೊಟ್ಟು ಸಾಕಿದವರು ಅಲ್ಲಿನ ಮೂಲ ಜನ. ದಾರಿಗೆ ಅಡ್ಡ ಬಂದ ದೊಡ್ಡ ಹೊಳೆಯನ್ನು ದಾಟಲಾಗದೆ ದಂಡೆ ಹಿಡಿದು ಮೇಲೆ ಮೇಲೆ ನಡೆದು, ಒಂದು ತೋಡಿನ ಬಾಯಲ್ಲಿ ಕಟ್ಟಿದ್ದ ದೋಣಿ ಸಿಕ್ಕಿ ದಾಟಿದರು. ಅದೇ ವರ್ಷದ ಕೊನೆಗೆ ಸರಕಾರಿ ಸರ್ವೇಯರ್ ಜಾನ್ ಆಕ್ಸ್ಲಿ ಆ ಕಡೆ ಬಂದಾಗ, ಮೂವರಲ್ಲಿ ಒಬ್ಬನಾದ ಫಿನ್ನೆಗನ್ ಡಿಸೆಂಬರ್ 2ರಂದು ಅವನಿಗೆ ಹೊಳೆ ತೋರಿಸಿದ. ಹೊಳೆ ಕಂಡುಹಿಡಿದವನು ಎಂಬ ಹೆಸರು ಮಾತ್ರ ಆಕ್ಸ್ಲಿಗೆ. ತೋರಿಸಿದವನಿಗೂ ಇಲ್ಲ, ಸಾಕಿದವರಿಗೂ ಇಲ್ಲ.

ಆಕ್ಸ್ಲಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮರುವರ್ಷ, 1824ರಲ್ಲಿ, ಅವನು ಹೊಳೆಯಲ್ಲಿ ಮತ್ತೊಮ್ಮೆ ಮೇಲಕ್ಕೆ ಹೋದ. ದಂಡೆಯ ಹೊಯಿಗೆ, ಬೆಣಚುಕಲ್ಲು ನೋಡಿ ಇಲ್ಲಿ ಯಾವತ್ತೋ ಐವತ್ತು ಅಡಿ ನೀರು ಏರಿರಬೇಕು, ಇದಕ್ಕೆ ನೆರೆ ಎಂಬ ಮಾತೇ ಸಾಲದು ಎಂಬ ಅರ್ಥದಲ್ಲಿ ತನ್ನ ಪುಸ್ತಕದಲ್ಲಿ ಬರೆದಿಟ್ಟ. ಅಂದರೆ ನಗರಕ್ಕೆ ಕಲ್ಲು ಹಾಕುವ ಮೊದಲೇ ಎಚ್ಚರಿಕೆ ಕಾಗದದಲ್ಲಿತ್ತು. ಆದರೂ 1825ರಲ್ಲಿ ಕೈದಿಗಳ ಶಿಬಿರವನ್ನು ರೆಡ್‌ಕ್ಲಿಫ್ ಕಡಲತೀರದಿಂದ ತಂದು ಈ ಹೊಳೆಯ ದಂಡೆಯಲ್ಲೇ ಕಟ್ಟಿದರು. ಕುಡಿಯುವ ನೀರು ಬೇಕಲ್ಲ. ನಮ್ಮ ಹಿರಿಯರೂ ಬಂಟ್ವಾಳ, ಪಾಣೆಮಂಗಳೂರು, ಗುರುಪುರದಲ್ಲಿ ಪೇಟೆ ಕಟ್ಟಿದ್ದು ಹೊಳೆಯ ಬದಿಯಲ್ಲೇ ತಾನೇ? ಹಾಗಾಗಿ ಅದರಲ್ಲಿ ತಪ್ಪು ಹುಡುಕುವುದು ಸುಲಭದ ಕೆಲಸವಲ್ಲ.

1841ರಲ್ಲಿ ಹೊಳೆ ಬಂತು. ನಗರದ ಪೋರ್ಟ್ ಆಫೀಸ್ ಬಳಿಯ ಅಳತೆಯಲ್ಲಿ 8.43 ಮೀಟರ್. ಇವತ್ತಿನವರೆಗೆ ದಾಖಲೆಯಲ್ಲಿರುವ ಅತಿ ದೊಡ್ಡ ನೆರೆ ಅದೇ. ಆಗ ಅಲ್ಲಿದ್ದದ್ದು ಕೈದಿಗಳು, ಕಾವಲಿನವರು, ನಾಲ್ಕು ಕಟ್ಟಡ. ಹೆಚ್ಚು ನಷ್ಟವಾಗಲಿಲ್ಲ, ಹೆಚ್ಚು ನೆನಪೂ ಉಳಿಯಲಿಲ್ಲ. ಮರುವರ್ಷವೇ ಜಾಗವನ್ನು ಸಾಮಾನ್ಯ ಜನರಿಗೆ ತೆರೆದು ನಿವೇಶನ ಮಾರಾಟ ಶುರುವಾಯಿತು.

ಅಲ್ಲಿನವರು ಇವತ್ತಿಗೂ ಹೇಳುವುದು 1893ರ ಫೆಬ್ರವರಿಯ ಕಥೆ. ಒಂದೇ ತಿಂಗಳಲ್ಲಿ ಮೂರು ನೆರೆ. ಮೇಲಿನ ಬೆಟ್ಟಸಾಲಿನ ಕ್ರೋಹಮ್‌ಹರ್ಸ್ಟ್ ಎಂಬಲ್ಲಿ ಫೆಬ್ರವರಿ 3ರ ಒಂದೇ ದಿನ 907 ಮಿ.ಮೀ. ಮಳೆ ಅಳೆದರು. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳಿಡೀ ಸುರಿಯುವ ಮಳೆಯ ಆಸುಪಾಸು ಅದು, ಒಂದೇ ದಿನದಲ್ಲಿ. ಹೊಳೆಯ ಮೇಲ್ಭಾಗದಲ್ಲಿ ಕಬೂನ್‌ಬಾ ಎಂಬ ಎತ್ತರದ ಮನೆಯಲ್ಲಿದ್ದ ಸಾಮರ್‌ಸೆಟ್ ಎಂಬ ಜಮೀನುದಾರ ನೀರು ಗೋಡೆಯ ಹಾಗೆ ಬರುವುದನ್ನು ಮನೆಯಿಂದಲೇ ನೋಡಿದ. ಕೂಡಲೇ ಕುದುರೆಯಲ್ಲಿ ಆಳು ಕಳಿಸಿ ಎಸ್ಕ್ ಎಂಬ ಊರಿನಿಂದ ಬ್ರಿಸ್ಬೇನಿಗೆ ತಂತಿ ಹೊಡೆಸಿದ, ನೆರೆಗೆ ತಯಾರಾಗಿ ಎಂದು. ತಂತಿ ತಲುಪಿತು. ಜನ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಎರಡು ವಾರದ ಒಳಗೆ ಮತ್ತೆ ದೊಡ್ಡ ನೀರು ಬರುವಾಗ ಎಸ್ಕಿನ ತಂತಿಯೇ ಕಡಿದುಹೋಗಿತ್ತು. ಆಗ ಅವನ ಕಡೆಯ ಒಬ್ಬ ಸವಾರ ಕುದುರೆಯೊಟ್ಟಿಗೆ ಉಕ್ಕುವ ಹೊಳೆ ದಾಟಿ, ಬೆಟ್ಟ ಹತ್ತಿ ಇಳಿದು, ಇನ್ನೊಂದು ಊರಿನಿಂದ ಸುದ್ದಿ ಮುಟ್ಟಿಸಿದ.

ಫೆಬ್ರವರಿ 5ರಂದು ನೀರು 8.35 ಮೀಟರ್. 19ರಂದು ಪುನಃ 8.09 ಮೀಟರ್. ವಿಕ್ಟೋರಿಯಾ ಸೇತುವೆ ಮುರಿದು ಹೋಯಿತು, ಇಂಡೂರೂಪಿಲ್ಲಿಯ ರೈಲು ಸೇತುವೆಯೂ ಹೋಯಿತು. ಇಪ್ಸ್‌ವಿಚ್ ಬಳಿಯ ಕಲ್ಲಿದ್ದಲು ಗಣಿಗೆ ನೀರು ನುಗ್ಗಿ ಕಾರ್ಮಿಕರು ಒಳಗೇ ಸತ್ತರು. ಈ ಎಲ್ಲದರ ನಡುವೆ ನಗಬೇಕೋ ಅಳಬೇಕೋ ಗೊತ್ತಾಗದ ಒಂದು ಘಟನೆ. ಪಾಲುಮಾ ಎಂಬ ಸರಕಾರಿ ಯುದ್ಧನೌಕೆಯನ್ನು ಮೊದಲ ನೆರೆ ಎತ್ತಿಕೊಂಡು ಹೋಗಿ ನಗರದ ಸಸ್ಯೋದ್ಯಾನದ ಹುಲ್ಲಿನ ಮೇಲೆ ಕೂರಿಸಿಬಿಟ್ಟಿತು. ನೀರು ಇಳಿದ ಮೇಲೆ ನೌಕೆ ತೋಟದಲ್ಲಿ ಬಾಕಿ. ಅದನ್ನು ಹೊಳೆಗೆ ಇಳಿಸುವುದು ಹೇಗೆಂದು ಎಂಜಿನಿಯರುಗಳು ತಲೆ ಕೆಡಿಸಿಕೊಂಡಿರುವಾಗ, ಮುಂದಿನ ನೆರೆ ಬಂದು ತಾನೇ ಎತ್ತಿ ತೇಲಿಸಿತು. ಗಯುಂದಾ ಎಂಬ ಇನ್ನೊಂದು ಸರಕಾರಿ ಯುದ್ಧನೌಕೆಯ ತುಕ್ಕು ಹಿಡಿದ ಒಡಲು ಈಗಲೂ ರೆಡ್‌ಕ್ಲಿಫ್ ಕಡೆಯ ವುಡಿ ಪಾಯಿಂಟ್ ತೀರದಲ್ಲಿ ಅಲೆತಡೆಯಾಗಿ ಬಿದ್ದುಕೊಂಡಿದೆ. ಅಳಿಯ ಅದರ ಫೋಟೊ ಕಳಿಸಿದ್ದಾನೆ.

ಆಮೇಲೆ ಎಂಬತ್ತು ವರ್ಷ ಅಂಥ ದೊಡ್ಡ ನೆರೆ ಬರಲಿಲ್ಲ. ಎಂಬತ್ತು ವರ್ಷ ಅಂದರೆ ಮೂರು ತಲೆಮಾರು. ಅಜ್ಜ ಕಂಡದ್ದು ಮೊಮ್ಮಗನಿಗೆ ಕಥೆ. ಈ ನಡುವೆ 1935ರಲ್ಲಿ, ಕೆಲಸವಿಲ್ಲದ ಜನರಿಗೆ ಕೆಲಸವೂ ಆಗಲಿ ಎಂದು, ಸ್ಟ್ಯಾನ್ಲಿ ಎಂಬ ಉಪನದಿಗೆ ಅಣೆಕಟ್ಟು ಕಟ್ಟಲು ಶುರುಮಾಡಿದರು. ಯುದ್ಧ ಬಂದು ಕೆಲಸ ನಿಂತು, ಮುಗಿಯುವಾಗ ಐವತ್ತರ ದಶಕ. ತಂತಿ ಕಳಿಸಿದ್ದ ಆ ಜಮೀನುದಾರನ ಹೆಸರನ್ನೇ ಅದಕ್ಕೆ ಇಟ್ಟರು, ಸಾಮರ್‌ಸೆಟ್ ಅಣೆಕಟ್ಟು. ಎಚ್ಚರಿಕೆ ಕೊಟ್ಟವನ ಹೆಸರಿನ ಅಣೆಕಟ್ಟು ನೋಡಿ ಜನ ಎಚ್ಚರ ಬಿಟ್ಟರು. ಇನ್ನು ನೆರೆ ಬರುವುದಿಲ್ಲ ಎಂದುಕೊಂಡು ತಗ್ಗುಜಾಗಗಳಲ್ಲಿ ಸಾಲುಸಾಲು ಮನೆ ಎದ್ದವು.

1974ರ ಜನವರಿ ಕೊನೆಗೆ ವಾಂಡಾ ಎಂಬ ಚಂಡಮಾರುತ ಬಂತು. ಚಂಡಮಾರುತ ದೊಡ್ಡದಲ್ಲ, ಅದು ಹೊತ್ತು ತಂದ ಮಳೆ ದೊಡ್ಡದು. ಮೊದಲು ನಗರದೊಳಗಿನ ತೋಡುಗಳು ಉಕ್ಕಿದವು, ಆಮೇಲೆ ಹೊಳೆ ಏರಿತು. 5.45 ಮೀಟರ್. ಹದಿನಾರು ಜೀವ ಹೋಯಿತು, ಸಾವಿರಾರು ಮನೆಗೆ ನೀರು ನುಗ್ಗಿತು. ಕಾಂಗರೂ ಪಾಯಿಂಟಿನಲ್ಲಿ ಕಟ್ಟುತ್ತಿದ್ದ ರಾಬರ್ಟ್ ಮಿಲ್ಲರ್ ಎಂಬ ಬೃಹತ್ ತೈಲ ಹಡಗು ಹಗ್ಗ ಕಡಿದುಕೊಂಡು ಹೊಳೆಗೆ ಅಡ್ಡ ತಿರುಗಿತು. ಟಗ್ ದೋಣಿಗಳು ಒತ್ತಿ ಹಿಡಿದು ನಿಲ್ಲಿಸದಿದ್ದರೆ ಅದರ ಹಿಂದೆ ನೀರು ಇನ್ನೆಷ್ಟು ನಿಲ್ಲುತ್ತಿತ್ತೋ. ಜನವರಿಯಲ್ಲಿ ಅಲ್ಲಿ, ಅದೇ ವರ್ಷ ಜುಲೈಯಲ್ಲಿ ನಮ್ಮ ಬಂಟ್ವಾಳದಲ್ಲಿ. "74ರ ನೆರೆ" ಎಂದರೆ ಎರಡೂ ಊರಿನ ಹಿರಿಯರು ತಲೆ ಆಡಿಸುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಎಂತದೂ ಇಲ್ಲ. ಆದರೂ ನಮ್ಮ ಅಳಿಯನಿಗೆ ಅಲ್ಲಿನ ಮುದುಕರೊಬ್ಬರು ಬಸ್ ಸ್ಟಾಪಿನಲ್ಲಿ "ಸೆವೆಂಟಿಫೋರ್" ಎಂದಾಗ, ನಮ್ಮ ಅಜ್ಜಿಗೂ ಅದೇ ವರ್ಷ ಎಂದು ಇವನು ಹೇಳಿ, ಇಬ್ಬರೂ ಬಸ್ ತಪ್ಪಿಸಿಕೊಂಡರಂತೆ.

74ರ ನಂತರ ಇನ್ನೂ ದೊಡ್ಡ ಅಣೆಕಟ್ಟು. ಮುಖ್ಯ ಹೊಳೆಗೇ ಅಡ್ಡಲಾಗಿ, ನಗರದಿಂದ ಸುಮಾರು 80 ಕಿ.ಮೀ. ದೂರದಲ್ಲಿ, 1984ರಲ್ಲಿ ಮುಗಿದ ವೈವನ್‌ಹೋ. ಇದರ ಕೆಲಸದ ಕ್ರಮ ಸ್ವಲ್ಪ ತಿಳಿದುಕೊಳ್ಳಬೇಕು, ಯಾಕೆಂದರೆ ಮುಂದಿನ ಜಗಳವೆಲ್ಲ ಅದರ ಮೇಲೆಯೇ.

ಒಂದು ಟ್ಯಾಂಕಿಯಲ್ಲಿ ಎರಡು ಅಂತಸ್ತು ಉಂಟೆಂದು ಇಟ್ಟುಕೊಳ್ಳಿ. ಕೆಳಗಿನದ್ದು ಕುಡಿಯುವ ನೀರಿಗೆ. ಅದು ತುಂಬಿದರೆ 11.65 ಲಕ್ಷ ಮೆಗಾಲೀಟರ್. ಒಂದು ಮೆಗಾಲೀಟರ್ ಎಂದರೆ ಹತ್ತು ಲಕ್ಷ ಲೀಟರ್. ಕೆಳಗಿನ ಅಂತಸ್ತು ತುಂಬಿದಾಗ ಅಣೆಕಟ್ಟು "ನೂರು ಶೇಕಡಾ" ಎನ್ನುತ್ತಾರೆ. ಅದರ ಮೇಲಿನ ಅಂತಸ್ತನ್ನು ಯಾವಾಗಲೂ ಖಾಲಿ ಇಡಬೇಕು, ನೆರೆ ಬಂದಾಗ ಹಿಡಿದಿಡಲು. ಇಲ್ಲಿ ಎರಡು ಕಷ್ಟ. ಒಂದು, ಕುಡಿಯುವ ನೀರಿನವರಿಗೆ ಟ್ಯಾಂಕಿ ತುಂಬಿರಬೇಕು, ನೆರೆಯವರಿಗೆ ಖಾಲಿ ಇರಬೇಕು. ಎರಡನೆಯದು ಇನ್ನೂ ದೊಡ್ಡದು. ಹೊಳೆಗೆ ನೀರು ಕೊಡುವ ಪ್ರದೇಶದಲ್ಲಿ ಸುಮಾರು ಅರ್ಧ ಮಾತ್ರ ಈ ಅಣೆಕಟ್ಟಿನ ಮೇಲ್ಗಡೆ ಉಂಟು. ಉಳಿದ ಅರ್ಧದ ನೀರು ಲಾಕ್ಯರ್ ಮತ್ತು ಬ್ರೆಮರ್ ಎಂಬ ಉಪನದಿಗಳಿಂದ, ನಗರದ ತೋಡುಗಳಿಂದ ಬರುವಂಥದ್ದು. ಅದಕ್ಕೆ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಆ ನೀರು ದಾಟಿ ಹೋಗುವವರೆಗೆ ಅಣೆಕಟ್ಟಿನವರು ತಮ್ಮ ನೀರನ್ನು ಹಿಡಿದಿಡಬೇಕು. ಆದರೆ ಹೆಚ್ಚು ಹೊತ್ತು ಹಿಡಿದರೆ ಅಣೆಕಟ್ಟಿಗೇ ಅಪಾಯ. ಬಿಟ್ಟ ನೀರು ನಗರ ಮುಟ್ಟಲು ಒಂದು ದಿನಕ್ಕಿಂತ ಹೆಚ್ಚು ಬೇಕು. ನಾಳಿದ್ದು ಎಷ್ಟು ಮಳೆ ಎಂದು ಇವತ್ತು ಯಾರಿಗೆ ಗೊತ್ತು?

ಇಷ್ಟು ತೊಡಕಿನ ಲೆಕ್ಕವನ್ನು ಜನ ಒಂದೇ ಮಾತಿಗೆ ಇಳಿಸಿದರು: ವೈವನ್‌ಹೋ ಉಂಟಲ್ಲ, ಇನ್ನು ಹೆದರಿಕೆ ಇಲ್ಲ. ಅದಕ್ಕೆ ಸರಿಯಾಗಿ ಬರಗಾಲವೂ ಬಂತು. 2007ರಲ್ಲಿ ಅಣೆಕಟ್ಟುಗಳ ನೀರು ಇಪ್ಪತ್ತು ಶೇಕಡಾಕ್ಕಿಂತ ಕೆಳಗೆ ಇಳಿಯಿತು. ಒಬ್ಬರಿಗೆ ದಿನಕ್ಕೆ 140 ಲೀಟರ್ ಎಂಬ ಗುರಿ ಇಟ್ಟರು. ಸ್ನಾನಕ್ಕೆ ನಾಲ್ಕೇ ನಿಮಿಷ ಎಂದು ಮನೆಮನೆಗೆ ಮರಳುಗಡಿಯಾರ ಹಂಚಿದರು. ನೀರು ಹೆಚ್ಚಾಗುವುದನ್ನು ಆ ವರ್ಷಗಳಲ್ಲಿ ಯಾರು ಯೋಚಿಸುತ್ತಾರೆ? ಮನೆ ಕಟ್ಟಿದರು, ಮಾರಿದರು, ಕೊಂಡರು.

2011ರ ಜನವರಿ 10ರಂದು ಟುವೂಂಬಾ ಮತ್ತು ಲಾಕ್ಯರ್ ಕಣಿವೆಯಲ್ಲಿ ನೀರು ಕಡಲಿನ ಅಲೆಯ ಹಾಗೆ ಬಂದು ಗ್ರ್ಯಾಂಥಮ್ ಎಂಬ ಸಣ್ಣ ಊರನ್ನು ಹೊಡೆದುಕೊಂಡು ಹೋಯಿತು. ಮನೆಗಳು ಜನರೊಟ್ಟಿಗೇ ಕಿತ್ತುಹೋದವು. ಮೂರು ದಿನದ ಒಳಗೆ, 13ರ ನಸುಕಿಗೆ, ಬ್ರಿಸ್ಬೇನಿನಲ್ಲಿ ಹೊಳೆ 4.46 ಮೀಟರ್. ವೈವನ್‌ಹೋ ಆಗ ನೂರ ತೊಂಬತ್ತು ಶೇಕಡಾದ ಹತ್ತಿರ ತುಂಬಿತ್ತು, ಅಂದರೆ ಮೇಲಿನ ಅಂತಸ್ತಿನಲ್ಲಿಯೂ ನೀರು. ರಾಕ್ಲಿಯ ತರಕಾರಿ ಮಾರುಕಟ್ಟೆ ಮುಳುಗಿತು, ಸನ್‌ಕಾರ್ಪ್ ಕ್ರೀಡಾಂಗಣ ಕೆರೆಯಾಯಿತು. ನ್ಯೂ ಫಾರ್ಮ್ ಎಂಬಲ್ಲಿ ಹೊಳೆಯ ಮೇಲೆ ತೇಲುವ ಹಾಗೆ ಮಾಡಿದ್ದ ಕಾಲುದಾರಿ ಇತ್ತು. ಅದರ ಸುಮಾರು 300 ಮೀಟರ್ ಉದ್ದದ ತುಂಡು ಕಿತ್ತು ಹೊರಟಿತು. ಮುಂದೆ ಗೇಟ್‌ವೇ ಸೇತುವೆ. ಒಂದು ಸಣ್ಣ ಟಗ್ ದೋಣಿಯವರು ಕತ್ತಲೆಯಲ್ಲಿಯೇ ಅದರ ಹಿಂದೆ ಬಿದ್ದು, ಆಚೆಯಿಂದ ಈಚೆಯಿಂದ ದೂಡಿ ದೂಡಿ, ಕಂಬಕ್ಕೆ ಬಡಿಯದ ಹಾಗೆ ಕಡಲಿನ ಕಡೆಗೆ ದಾಟಿಸಿದರು. ನಮ್ಮ ಕಡವಿನಲ್ಲಿ ದೋಣಿ ಹಾಕಿದವರಿಗೆ ಆ ಕೆಲಸದ ಕಷ್ಟ ಗೊತ್ತಾದೀತು.

ನೀರು ಇಳಿದ ಮೇಲೆ ಆ ನಗರದ ಇನ್ನೊಂದು ಮುಖ ಕಂಡಿತು. ಬೂಟು, ಗುದ್ದಲಿ, ಪೊರಕೆ ಹಿಡಿದು ಸಾವಿರಾರು ಜನ ಗುರುತು ಪರಿಚಯ ಇಲ್ಲದವರ ಮನೆಯ ಕೆಸರು ಬಾಚಲು ಹೊರಟರು. ಅವರಿಗೆ ಬಿದ್ದ ಹೆಸರು ಕೆಸರು ಸೈನ್ಯ. ನಗರಪಾಲಿಕೆ ಬಸ್ ಬಿಟ್ಟಿತು, ಬಸ್ ಸಾಲದೆ ಜನ ನಡೆದರು.

ಕೆಸರು ಒಣಗಿದ ಮೇಲೆ ಕೋರ್ಟು. ಅಣೆಕಟ್ಟನ್ನು ಸರಿಯಾಗಿ ನಡೆಸಿದ್ದರೆ ಇಷ್ಟು ನೀರು ಬರುತ್ತಿರಲಿಲ್ಲ ಎಂದು ಸುಮಾರು ಏಳು ಸಾವಿರ ಸಂತ್ರಸ್ತರು ಒಟ್ಟಾಗಿ ದಾವೆ ಹೂಡಿದರು. ಅಂಥ ಸಾಮೂಹಿಕ ದಾವೆಗೆ ಕ್ವೀನ್ಸ್‌ಲ್ಯಾಂಡಿನಲ್ಲಿ ಆಗ ಕಾನೂನು ಇರಲಿಲ್ಲ, ಹಾಗಾಗಿ ಪಕ್ಕದ ನ್ಯೂ ಸೌತ್ ವೇಲ್ಸಿನ ಸುಪ್ರೀಂ ಕೋರ್ಟಿಗೆ ಹೋದರು. 2019ರಲ್ಲಿ ತೀರ್ಪು ಜನರ ಪರ ಬಂತು. ರಾಜ್ಯ ಸರಕಾರ ಮತ್ತು ಸನ್‌ವಾಟರ್ ಸಂಸ್ಥೆ ತಮ್ಮ ಪಾಲಿನ ಅರ್ಧಕ್ಕೆ 440 ಮಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಉಳಿದ ಅರ್ಧದ ಹೊಣೆ ಹೊರಬೇಕಿದ್ದ ಸೀಕ್‌ವಾಟರ್ ಸಂಸ್ಥೆ ಮೇಲ್ಮನವಿ ಹಾಕಿ 2021ರಲ್ಲಿ ಗೆದ್ದಿತು. ಒಂದೇ ನೆರೆ, ಒಂದೇ ಅಣೆಕಟ್ಟು, ಅರ್ಧ ಪರಿಹಾರ ಸಿಕ್ಕಿತು, ಅರ್ಧ ಸಿಗಲಿಲ್ಲ. ನ್ಯಾಯದ ಸೂಕ್ಷ್ಮ ನಾನು ಹೇಳುವವನಲ್ಲ. ಹತ್ತು ವರ್ಷ ಕಾದವರ ಕಷ್ಟ ಮಾತ್ರ ಯೋಚಿಸಿದೆ. ವಿಮೆಯದ್ದೂ ಅದೇ ಪಾಡು. ಮಳೆ ನೀರಿನಿಂದ ಹಾಳಾದರೆ ವಿಮೆ ಉಂಟು, ಹೊಳೆ ನೀರಾದರೆ ಇಲ್ಲ ಎಂಬ ವಾದಕ್ಕೆ ಸಿಕ್ಕಿ ಎಷ್ಟೋ ಜನರಿಗೆ ಹಣ ಬರಲಿಲ್ಲ. ಕೊನೆಗೆ ನೆರೆ ಎಂದರೆ ಯಾವುದು ಎಂಬುದಕ್ಕೆ 2012ರಲ್ಲಿ ಕಾನೂನೇ ವ್ಯಾಖ್ಯೆ ಕೊಡಬೇಕಾಯಿತು.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಗ್ರ್ಯಾಂಥಮ್ ಊರಿನವರು ಮಾಡಿದ್ದು. ಅಲ್ಲಿನ ಸ್ಥಳೀಯಾಡಳಿತ ಪಕ್ಕದ ಗುಡ್ಡದಲ್ಲಿ 935 ಎಕರೆ ಜಾಗ ಕೊಂಡಿತು. ತಗ್ಗಿನ ನಿವೇಶನ ಬಿಟ್ಟುಕೊಡಿ, ಗುಡ್ಡದಲ್ಲಿ ನಿವೇಶನ ತೆಗೆದುಕೊಳ್ಳಿ ಎಂದಿತು. ಆಗಸ್ಟಿನಲ್ಲಿ ಚೀಟಿ ಎತ್ತಿದರು. ನೆರೆಯ ವರ್ಷ ಮುಗಿಯುವ ಮೊದಲೇ ಮೊದಲ ಕುಟುಂಬ ಗುಡ್ಡದ ಹೊಸ ಮನೆಗೆ ಹೋಯಿತು. ಆದರೆ ಅದು ನೂರಾರು ಜನರ ಊರು. ಲಕ್ಷಾಂತರ ಜನರ ಬ್ರಿಸ್ಬೇನನ್ನು ಯಾವ ಗುಡ್ಡಕ್ಕೆ ಹತ್ತಿಸುವುದು?

ಹತ್ತಿಸಲಿಲ್ಲ. 2022ರ ಫೆಬ್ರವರಿಯಲ್ಲಿ ಸತತ ಮೂರು ದಿನ, ದಿನಕ್ಕೆ 200 ಮಿ.ಮೀ.ಗಿಂತ ಹೆಚ್ಚು ಮಳೆ ನಗರದ ಮೇಲೆಯೇ ಸುರಿಯಿತು. ವರ್ಷವಿಡೀ ಹೆಚ್ಚುಕಡಿಮೆ ಸಾವಿರ ಮಿ.ಮೀ. ಬೀಳುವ ಊರು ಅದು. 28ರಂದು ಹೊಳೆ 3.85 ಮೀಟರ್. 2011ಕ್ಕಿಂತ ಕಡಿಮೆಯೇ. ಆದರೆ ತೋಡುಗಳು ಉಕ್ಕಿದ್ದರಿಂದ ಹಿಂದಿನ ಸಲ ಒಣಗಿದ್ದ ಬೀದಿಗಳೂ ಈ ಸಲ ಮುಳುಗಿದವು. ಅಳಿಯನ ಮನೆಗೆ ಬಂದದ್ದು ಹೊಳೆಯಲ್ಲ, ಹೊಳೆಗೆ ಹೋಗಲಾಗದೆ ಹಿಂದೆ ತಿರುಗಿದ ತೋಡು. "ಹೊಳೆ ಅರ್ಧ ಕಿಲೋಮೀಟರ್ ದೂರ" ಎಂದು ಅವನು ಹೇಳಿದ್ದು ಸರಿಯೇ. ತೋಡು ಎಷ್ಟು ದೂರ ಎಂದು ಅವನಿಗೆ ಕೇಳಬೇಕೆಂದು ಹೊಳೆಯಲಿಲ್ಲ.

ಆ ಊರಿನ ಹಳೆಯ ಮನೆಗಳನ್ನು ನೋಡಿದರೆ ಹಿಂದಿನವರಿಗೆ ಬುದ್ಧಿ ಇತ್ತು ಎನಿಸುತ್ತದೆ. ಕ್ವೀನ್ಸ್‌ಲ್ಯಾಂಡರ್ ಎಂದು ಕರೆಯುವ ಮರದ ಮನೆ. ಎತ್ತರದ ಕಂಬಗಳ ಮೇಲೆ ಕೂರಿಸಿದ್ದು, ಅಡಿಯಲ್ಲಿ ಗಾಳಿ ಆಡಲಿ ಎಂದು, ಗೆದ್ದಲು ಹತ್ತದಿರಲಿ ಎಂದು. ನೀರು ಬಂದರೆ ಅಡಿಯಿಂದ ಹೋಗುತ್ತದೆ. ಮಧ್ಯದ ಎಂಬತ್ತು ವರ್ಷದ ಮರೆವಿನಲ್ಲಿ, ಮತ್ತೆ ವೈವನ್‌ಹೋ ಧೈರ್ಯದಲ್ಲಿ, ಜನ ಆ ಅಡಿಭಾಗಕ್ಕೆ ಗೋಡೆ ಹಾಕಿ ಕೋಣೆ ಮಾಡಿ ಬಾಡಿಗೆಗೆ ಕೊಟ್ಟರು. ನೆಲಮಟ್ಟದ ಸ್ಲ್ಯಾಬಿನ ಮೇಲೆ ಹೊಸ ಮನೆ ಕಟ್ಟಿದರು. ನೀರು ಮೊದಲು ಹೊಕ್ಕದ್ದು ಅಲ್ಲಿಗೆ. ಅಳಿಯ ಮೇಲಿನ ಮನೆಯಲ್ಲಿದ್ದ, ಬಚಾವಾದ. ಕೆಳಗಿನ ಕೋಣೆಯಲ್ಲಿದ್ದ ಇಬ್ಬರು ವಿದ್ಯಾರ್ಥಿಗಳು ಲ್ಯಾಪ್‌ಟಾಪು, ಪಾಸ್‌ಪೋರ್ಟು ತಲೆಯ ಮೇಲೆ ಹೊತ್ತು ಇವನ ಅಡುಗೆಕೋಣೆಯಲ್ಲಿ ಎರಡು ರಾತ್ರಿ ಮಲಗಿದರು. ಕರೆಂಟಿಲ್ಲ, ಫ್ರಿಜ್ಜಿನಲ್ಲಿದ್ದ ಮೀನು ಹಾಳಾಗುವ ಮೊದಲು ಗ್ಯಾಸಿನಲ್ಲಿ ಅಷ್ಟನ್ನೂ ಹುರಿದು ಮೂವರೂ ತಿಂದರಂತೆ.

ಆ ನೆರೆಯ ನಂತರ ಕೇಂದ್ರ ಮತ್ತು ರಾಜ್ಯ ಸರಕಾರ ಸೇರಿ 741 ಮಿಲಿಯನ್ ಡಾಲರಿನ ನಿಧಿ ಮಾಡಿದವು. ಮನೆ ಎತ್ತರಿಸಲು ಹಣ, ನೀರು ನಿಂತರೂ ಹಾಳಾಗದ ಹಾಗೆ ಕಟ್ಟಿಕೊಳ್ಳಲು ಹಣ, ಏನು ಮಾಡಿದರೂ ಆಗದು ಎಂಬ ಜಾಗವಾದರೆ ಸರಕಾರವೇ ಮನೆ ಕೊಂಡು ಕೆಡವುವುದು. ಹಾಗೆ ಏಳುನೂರಕ್ಕೂ ಹೆಚ್ಚು ಮನೆಗಳನ್ನು ಕೊಂಡಿದ್ದಾರೆ. ಇಪ್ಸ್‌ವಿಚ್ ಕಡೆಯ ಗುಡ್ನಾದಲ್ಲಿ ಮನೆಗಳಿದ್ದ ಕಡೆ ಈಗ ಹುಲ್ಲು. ಒಂದೊಂದು ಕಡೆ ಅಂಗಳದ ಮರ ಮಾತ್ರ ನಿಂತಿದೆ.

ಈಗ ವಿಷಯಕ್ಕೆ ಬರುತ್ತೇನೆ. ಅಳಿಯನಿಗೆ ಈಗ ಮನೆ ಕೊಳ್ಳಬೇಕು. ಹೆಂಡತಿ, ಒಂದು ಮಗು, ಬಾಡಿಗೆ ವರ್ಷ ವರ್ಷ ಏರುತ್ತಾ ಉಂಟು. 2032ರ ಒಲಿಂಪಿಕ್ಸ್ ಅಲ್ಲಿಯೇ ನಡೆಯುವುದು, ಜಾಗದ ಬೆಲೆ ಕೇಳುವುದೇ ಬೇಡ. ಅವನಿಗೆ ಕೈಗೆಟಕುವ ಬೆಲೆಯಲ್ಲಿ ಒಂದು ಮನೆ ಸಿಕ್ಕಿತು. ಹೊಸ ಬಣ್ಣ, ಹೊಸ ನೆಲಹಾಸು, ಹೊಸ ಅಡುಗೆಕೋಣೆ. ಎಲ್ಲ ಯಾಕಪ್ಪ ಇಷ್ಟು ಹೊಸತು ಎಂದು ಅಕ್ಕನಿಗೆ ಅನುಮಾನ.

ಅಲ್ಲಿ ಮಾರುವವರು ಕೊಳ್ಳುವವರಿಗೆ ಮನೆಯ ವಿವರ ಬರೆದು ಕೊಡಬೇಕೆಂಬ ಹೊಸ ಕಾನೂನು 2025ರ ಆಗಸ್ಟ್ 1ರಿಂದ ಬಂದಿದೆ. ಸಾಲ, ತೆರಿಗೆ, ಗಡಿ, ಎಲ್ಲ ಬರೆಯಬೇಕು. ನೆರೆ ಬಂದಿತ್ತೋ ಇಲ್ಲವೋ ಎಂಬುದನ್ನು ಬರೆಯಬೇಕಾಗಿಲ್ಲ! ಅದನ್ನು ಕೊಳ್ಳುವವನೇ ಹುಡುಕಿಕೊಳ್ಳಬೇಕು. ಹುಡುಕುವ ದಾರಿ ಮಾತ್ರ ಚೆನ್ನಾಗಿ ಮಾಡಿದ್ದಾರೆ, ಅದನ್ನು ಹೊಗಳಬೇಕು. ಬ್ರಿಸ್ಬೇನ್ ನಗರಪಾಲಿಕೆಯ ನಕ್ಷೆಯಲ್ಲಿ ಮನೆಯ ವಿಳಾಸ ಹಾಕಿದರೆ ಯಾವ ನೆರೆಗೆ ಅಲ್ಲಿ ಎಷ್ಟು ನೀರು, ಮನೆಯ ನೆಲ ಎಷ್ಟು ಎತ್ತರ ಎಂದು ಬಿಟ್ಟಿಯಾಗಿ ತೋರಿಸುತ್ತದೆ.

ಅಳಿಯ ವಿಳಾಸ ಹಾಕಿ ನೋಡಿ ಸಮಾಧಾನದಿಂದ ಫೋನ್ ಮಾಡಿದ. "ಮಾಮ, ಇದು ನೂರು ವರ್ಷಕ್ಕೊಮ್ಮೆ ಬರುವ ನೆರೆಯ ಜಾಗ ಅಂತ ಉಂಟು. ನೂರು ವರ್ಷ ನಾವು ಇರುದುಂಟಾ?"

ಈ ಮಾತಿಗೆ ಮೋಸ ಹೋಗದವರಿಲ್ಲ. ನೂರು ವರ್ಷಕ್ಕೊಮ್ಮೆ ಎಂದರೆ ಇವತ್ತು ಬಂದರೆ ಇನ್ನು ತೊಂಬತ್ತೊಂಬತ್ತು ವರ್ಷ ರಜೆ ಎಂದಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವ ಎಂದಷ್ಟೇ. ಹೋದ ವರ್ಷ ಬಂದಿದ್ದರೂ ಈ ವರ್ಷ ಅದೇ ಒಂದು ಪಾಲು. ಅವನ ಮನೆ ಸಾಲ ಮೂವತ್ತು ವರ್ಷದ್ದು. ಮೂವತ್ತು ವರ್ಷದ ಒಟ್ಟು ಲೆಕ್ಕ ಹಾಕಿದರೆ, ಆ ಮಟ್ಟದ ನೆರೆ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ ಇಪ್ಪತ್ತಾರು. ಸಾಲ ತೀರುವ ಮೊದಲು ನಾಲ್ಕರಲ್ಲಿ ಒಂದು ಸಂಭವ! ಹತ್ತು ಸಲ ಗುಣಿಸಿ ನೋಡಿದೆ, ಸರಿಯಾಗಿಯೇ ಉಂಟು. ಅದಕ್ಕಿಂತ ಸಣ್ಣ ನೆರೆಯ ಸಂಭವ ಇನ್ನೂ ಹೆಚ್ಚು. ಮತ್ತೊಂದು: 2011ರ ನೆರೆ 4.46 ಮೀಟರ್, 1893ರದ್ದು 8.35. ಇಷ್ಟೆಲ್ಲ ನಷ್ಟ ಮಾಡಿದ 2011ರ ನೀರು, ಹಿಂದಿನವರು ಕಂಡ ನೀರಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು.

ಇದನ್ನೆಲ್ಲ ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ, "ಗುಡ್ಡದ ಮೇಲಿನ ಮನೆಗೆ ಇದಕ್ಕಿಂತ ತುಂಬ ಹೆಚ್ಚು ಮಾಮ. ನನ್ನಲ್ಲಿ ಅಷ್ಟು ಇಲ್ಲ." ಅದೂ ನಿಜ. ತಗ್ಗುಜಾಗದಲ್ಲಿ ಮನೆ ಮಾಡುವವರೆಲ್ಲ ತಿಳಿಯದವರಲ್ಲ. ಹೆಚ್ಚಿನವರು ಬೇರೆ ದಾರಿ ಇಲ್ಲದವರು. ಅಲ್ಲಿಯೂ ಹಾಗೆಯೇ, ಇಲ್ಲಿಯೂ ಹಾಗೆಯೇ.

ಹೊಳೆಯ ಮೇಲೆ ಅವನಿಗೆ ಸಿಟ್ಟಿಲ್ಲ, ಅದು ನನಗೆ ಆಶ್ಚರ್ಯ. ದಿನಾ ಕೆಲಸಕ್ಕೆ ಹೋಗುವುದು ಹೊಳೆಯಲ್ಲೇ. ಸಿಟಿಕ್ಯಾಟ್ ಎಂಬ ಜೋಡಿ ಒಡಲಿನ ದೋಣಿಗಳು 1996ರಿಂದ ಓಡುತ್ತಿವೆ. ನಮ್ಮಲ್ಲಿ ಸೇತುವೆ ಬಂದ ಕೂಡಲೇ ಕಡವು ನಿಲ್ಲುತ್ತದೆ, ಅಲ್ಲಿ ಇಷ್ಟು ಸೇತುವೆ ಇದ್ದೂ ಕಡವು ಉಂಟು. 2024ರ ಆಗಸ್ಟಿನಿಂದ ಬಸ್ಸು, ರೈಲು, ದೋಣಿ ಎಲ್ಲದಕ್ಕೂ ಟಿಕೇಟು ಐವತ್ತೇ ಸೆಂಟ್, ನಮ್ಮ ಮೂವತ್ತು ರೂಪಾಯಿಯ ಆಸುಪಾಸು. ಹೊಳೆಯ ಹೊಯಿಗೆ ತೆಗೆಯುವ ವ್ಯಾಪಾರವನ್ನು 1998ಕ್ಕೇ ನಿಲ್ಲಿಸಿದ್ದಾರೆ ಎಂದು ಅವನು ಹೇಳಿದಾಗ ಅಕ್ಕನ ಗಂಡ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಆದರೂ ನೀರು ಕಂದು ಬಣ್ಣದ್ದೇ. ಮೇಲಿನ ತೋಟ, ಬಯಲಿನ ಮಣ್ಣು ಕೊಚ್ಚಿ ಬರುತ್ತಾ ಉಂಟು, ಉಬ್ಬರ ಇಳಿತ ಅದನ್ನು ಕಲಕುತ್ತಾ ಉಂಟು.

ಕಳೆದ ತಿಂಗಳು ಅವನು ಆ ಹೊಸ ಬಣ್ಣದ ಮನೆಯನ್ನು ಇನ್ನೊಮ್ಮೆ ನೋಡಲು ಹೋದ. ಏಜೆಂಟ್ ಬರುವ ಮೊದಲೇ ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದ, ಇದು ಅಕ್ಕನ ಉಪದೇಶ. ಬಾಗಿಲು ತೆರೆದ ವಯಸ್ಸಾದ ಹೆಂಗಸಿನಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂದು ಕೇಳಿದ. ಅವರು ಎಂತದೂ ಹೇಳದೆ ಇವನನ್ನು ಮನೆಯ ಅಡಿಗೆ ಕರೆದುಕೊಂಡು ಹೋಗಿ ಒಂದು ಕಂಬ ತೋರಿಸಿದರು. ಕಂಬದ ಮೇಲೆ ಪೆನ್ಸಿಲಿನ ಮೂರು ಗೆರೆ. ಸೊಂಟದ ಹತ್ತಿರ 2022, ಎದೆಯ ಹತ್ತಿರ 2011. 74ರ ಗೆರೆ ನೋಡಲು ಕತ್ತು ಎತ್ತಬೇಕಾಯಿತು.

ಅದರ ಫೋಟೊ ಅಕ್ಕನಿಗೆ ಕಳಿಸಿದ. ಅಕ್ಕ ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡಿ, ಮನೆ ವಿಷಯ ಬಿಟ್ಟು ಒಂದೇ ಪ್ರಶ್ನೆ ಕೇಳಿದಳು: ಆ ಹೆಂಗಸು ಕಂಬಕ್ಕೆ ಬಣ್ಣ ಬಳಿಯುವಾಗ ಗೆರೆ ಬಿಟ್ಟು ಬಳಿಸ್ತಾರಾ ಅಂತ ಕೇಳಿ ನೋಡು.

ಮನೆ ಇನ್ನೂ ಸಿಕ್ಕಿಲ್ಲ. ಎತ್ತರದ ಕಡೆ ಎರಡು ಕೋಣೆಯ ಫ್ಲ್ಯಾಟ್ ಒಂದು ನೋಡಿ ಬಂದಿದ್ದಾನಂತೆ.